ಮೆಮೊರಿ ಮೇಲಿನ ಬಿಳಿ ಚುಕ್ಕೆ

ಇದು ೨೦೦೫ರ ಮಾತು. ಆಗ ನಾನು ಚನ್ನಪಟ್ಟಣದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಮಹಡಿಯ ಮೇಲೆ ಒಂದೇ ಕೋಣೆ, ಒಂಬತ್ತು ಟೈಪ್‌ರೈಟರುಗಳು. ಬೆಳಿಗ್ಗೆ ಆರೂವರೆಗೆ ಮೊದಲ ಬ್ಯಾಚು ಕೂತರೆ, ತಲೆ ಮೇಲೆ ಆಲಿಕಲ್ಲು ಬಿದ್ದ ಹಾಗಾಗುತ್ತದೆ ಎಂದು ಕೆಳಗಿನ ದಿನಸಿ ಅಂಗಡಿಯವರು ತಮಾಷೆ ಮಾಡುತ್ತಿದ್ದರು. ಹದಿಮೂರು ವರ್ಷ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಬಿಡದಿ ಕಡೆ ಒಂದರ ಹಿಂದೆ ಒಂದು ಕಾರ್ಖಾನೆಗಳು ಬಂದವು. ಕೆಲಸ ಕೇಳಿಕೊಂಡು ಹೋದವರನ್ನು ಅಲ್ಲಿ ಟೈಪಿಂಗ್ ಬರುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ, ಕಂಪ್ಯೂಟರ್ ಬರುತ್ತದೆಯೇ ಎನ್ನುತ್ತಿದ್ದರು. ನನ್ನ ಕೋಣೆಯಲ್ಲಿ ಖಾಲಿ ಸ್ಟೂಲುಗಳು ಹೆಚ್ಚುತ್ತಾ ಬಂದವು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು, ಬೈರಾಪಟ್ಟಣದ ಜಯಮ್ಮ. ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಕೀಲಿಗಳ ಕಡೆ ನೋಡದೆ ಪುಟಗಟ್ಟಲೆ ತಪ್ಪಿಲ್ಲದೆ ಹೊಡೆಯುತ್ತಿದ್ದಳು. ಗಂಡನಿಗೆ ಬೆನ್ನಿನ ಆಪರೇಷನ್ ಆಗಿ, ಭಾರದ ಕೆಲಸ ಮಾಡುವ ಹಾಗಿರಲಿಲ್ಲ. ಒಂದು ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದಳು.

"ಮೇಡಂ, ಬಿಡದಿಲಿ ಒಂದ್ ಪಾರ್ಟ್ಸ್ ಫ್ಯಾಕ್ಟ್ರಿಲಿ ಆಫೀಸ್ ಕೆಲ್ಸ ಐತಂತೆ. ಮುಂದಿನ್ ತಿಂಗ್ಳು ಟೆಸ್ಟ್ ಮಾಡ್ತಾರಂತೆ. ಕಂಪ್ಯೂಟರ್ ಮೇಲೇ ಹೊಡೀಬೇಕಂತೆ. ನಾನು ಅದ್ನ ಮುಟ್ಟೇ ಇಲ್ವಲ್ಲ."

ಊರಿನ ಕಂಪ್ಯೂಟರ್ ಸೆಂಟರುಗಳಲ್ಲಿ ಆರು ತಿಂಗಳ ಕೋರ್ಸ್ ಸೇರಿದರೆ ಮಾತ್ರ ಒಳಗೆ ಬಿಡುತ್ತಿದ್ದರು. ಅವಳಿಗೆ ಒಂದು ತಿಂಗಳೂ ಇರಲಿಲ್ಲ. ಎರಡು ವರ್ಷದಿಂದ ನಾನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದ ಕಂಪ್ಯೂಟರನ್ನು ಆ ವಾರವೇ ಮಾಡಿಸುವುದೆಂದು ತೀರ್ಮಾನಿಸಿದೆ.

ಆಗೆಲ್ಲ ಕಂಪನಿ ಕಂಪ್ಯೂಟರ್ ದುಬಾರಿ. ಬಿಡಿ ಭಾಗಗಳನ್ನು ತಂದು ಜೋಡಿಸಿಕೊಡುವವರ ಹತ್ತಿರ ಹೋಗುತ್ತಿದ್ದರು. ನಮ್ಮೂರಿನಲ್ಲಿ ಆ ಕೆಲಸಕ್ಕೆ ಮಹದೇವಯ್ಯ ಎಂಬವರಿದ್ದರು. ಐವತ್ತರ ಆಸುಪಾಸು, ಹಣೆಯ ಮೇಲೆ ಯಾವಾಗಲೂ ವಿಭೂತಿ. ಮೊದಲು ರೇಡಿಯೋ, ಆಮೇಲೆ ಟೀವಿ ರಿಪೇರಿ ಮಾಡಿಕೊಂಡಿದ್ದವರು, ತಾವೇ ಪುಸ್ತಕ ಓದಿ ಕಂಪ್ಯೂಟರ್ ಕಲಿತಿದ್ದರು. ಪೆಟ್ಟಿಗೆ, ಮಾನಿಟರ್, ಕೀಬೋರ್ಡ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದರು. ಮೆಮೊರಿ ಎನ್ನುವ ಕಡೆ ಬಂದಾಗ ಪೆನ್ನು ನಿಲ್ಲಿಸಿದರು.

"ಇದೊಂದ್ನ ನೀವೇ ಹೇಳ್ಬೇಕು ಟೀಚರಮ್ಮ. ಇನ್ನೂರೈವತ್ತಾರು ಎಂಬಿ ಹಾಕದೋ, ಐನೂರಹನ್ನೆರಡು ಹಾಕದೋ?"

ನನಗೆ ಎರಡೂ ಒಂದೇ. ಏನು ವ್ಯತ್ಯಾಸ ಎಂದು ಕೇಳಿದೆ.

"ಮೆಮೊರಿ ಅಂದ್ರೆ ನೀವು ಕೆಲ್ಸ ಮಾಡೋ ಟೇಬಲ್ ಇದ್ದಂಗೆ. ಬೀರು ಎಷ್ಟ್ ದೊಡ್ಡದಿದ್ರೂ ಟೇಬಲ್ ಚಿಕ್ಕದಾದ್ರೆ ಎರಡು ಕಾಗ್ದ ಹರಡಕ್ಕೂ ಜಾಗ ಇರಾಕಿಲ್ಲ. ಒಸಿ ಜಾಸ್ತಿ ಹೋಗ್ಲಿ ಅಂದ್ರೆ ಐನೂರಹನ್ನೆರಡರದು ಒಂದೇ ಪೀಸ್ ಹಾಕಣ. ಪಕ್ಕದ ಜಾಗ ಖಾಲಿ ಇರ್ತದೆ. ಮುಂದಕ್ಕೆ ಬೇಕಾದ್ರೆ ಇನ್ನೊಂದ್ ಹಾಕ್ಕಬೋದು."

ಆಗಲಿ ಎಂದೆ. ಉಳಿದದ್ದೆಲ್ಲ ಅವರಲ್ಲೇ ಇತ್ತು, ಆದರೆ ಅದನ್ನು ಅವರು ತರಿಸಬೇಕಾದರೆ ಐದಾರು ದಿನ ಆಗುತ್ತಿತ್ತು. ಮಾರನೆಯ ದಿನ ನಾನು ಹೇಗೂ ವಿದ್ಯಾರ್ಥಿಗಳ ಪರೀಕ್ಷಾ ಅರ್ಜಿ ಕೊಡಲು ಬೆಂಗಳೂರಿಗೆ ಹೋಗುವವಳಿದ್ದೆ. ನಾನೇ ತರುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ ಒಂದು ಚೀಟಿ ಬರೆದುಕೊಟ್ಟರು: ಡಿಡಿಆರ್ ಮೆಮೊರಿ, ೫೧೨, ಒಂದೇ ಪೀಸ್, ಹೊಸದು. ಹೊರಟಾಗ ಮತ್ತೆ ಕರೆದು, "ಬಿಲ್ ಇಸ್ಕಳದು ಮರೀಬೇಡಿ, ವಾರಂಟಿ ಅದ್ರಲ್ಲೇ ಇರದು" ಎಂದರು.

ಕಂಪ್ಯೂಟರ್ ಬಿಡಿ ಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಾನು ಅದೇ ಮೊದಲು ಹೋದದ್ದು. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಒಂದು ಅಂಗಡಿ ಹೊಕ್ಕೆ. ಒಳಗೆಲ್ಲ ಗಂಡಸರೇ. ಚೀಟಿ ಕೊಟ್ಟೆ. ಕೌಂಟರಿನಲ್ಲಿದ್ದವನು ಅದನ್ನು ನೋಡಿ, "ಬಸ್ ಎಷ್ಟರದು ಮೇಡಂ?" ಎಂದು ಕೇಳಿದ.

ಎಷ್ಟು ಒಳ್ಳೆಯವನು, ಊರು ಸೇರುವ ಹೊತ್ತು ವಿಚಾರಿಸುತ್ತಿದ್ದಾನೆ ಎಂದು ನಾನು ಅಂದುಕೊಂಡೆ. "ಮೂರೂವರೆ ಬಸ್ಸು. ಅದು ತಪ್ಪಿದರೆ ನಾಲ್ಕು ಗಂಟೆಗೆ ಇನ್ನೊಂದಿದೆ" ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಅದಲ್ಲ ಮೇಡಂ, ನಾನ್ನೂರೋ, ಮುನ್ನೂರಮೂವತ್ಮೂರೋ?"

"ನಂಬರ್ ಗೊತ್ತಿಲ್ಲ, ಮೈಸೂರು ಕಡೆ ಹೋಗುವ ಯಾವುದಾದರೂ ಸರಿ" ಎಂದೆ.

ಅಂಗಡಿಯೆಲ್ಲ ನಕ್ಕಿತು. ಪಕ್ಕದಲ್ಲಿ ನಿಂತಿದ್ದವನೊಬ್ಬ ಗೋಡೆ ಕಡೆ ತಿರುಗಿಕೊಂಡು ಭುಜ ಕುಣಿಸುತ್ತಿದ್ದ. ಮೆಮೊರಿಯ ವೇಗಕ್ಕೂ ಬಸ್ ಎನ್ನುತ್ತಾರೆ ಎಂದು ಕೌಂಟರಿನವನು ವಿವರಿಸಿ ಹೇಳಿದ. ನನಗೆ ಕಿವಿಯೆಲ್ಲ ಬಿಸಿಯಾಗಿ ಮುಂದಿನದು ಕೇಳಿಸಲಿಲ್ಲ. ಜಾಸ್ತಿ ಇರುವುದನ್ನೇ ಕೊಡಿ ಎಂದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟದ್ದನ್ನು ತೆಗೆದುಕೊಂಡು, ದುಡ್ಡು ಕೊಟ್ಟು, ಮೆಟ್ಟಿಲಿಳಿದುಬಿಟ್ಟೆ. ಬಿಲ್ಲು ನೆನಪಾದದ್ದು ಕೆಂಗೇರಿ ದಾಟಿದ ಮೇಲೆ.

ಅದನ್ನು ಯಾರಿಗೂ ಹೇಳಲಿಲ್ಲ. ಸಂಜೆ ನನ್ನ ಮೈದುನ ಆ ಮೆಮೊರಿ ತುಂಡನ್ನು ತಿರುಗಿಸಿ ನೋಡುತ್ತಾ, "ಅತ್ಗೆ, ರಿಪೇರಿ ಅಂಗ್ಡಿಯವ್ರನ್ನ ನಂಬ್ಬೇಡಿ. ಹೊಸದ್ ತೆಗ್ದು ಹಳೇದ್ ಹಾಕ್ಬುಡ್ತಾರೆ, ಒಳ್ಗೇನೈತೆ ಅಂತ ನಮಗೆ ಗೊತ್ತಾಯ್ತದಾ?" ಎಂದ. ಅವನ ಮಾತು ನನ್ನ ತಲೆಯಲ್ಲಿ ಕೂತಿತು. ಟೈಪಿಂಗಿನಲ್ಲಿ ತಪ್ಪು ಅಕ್ಷರ ಮುಚ್ಚಲು ಬಳಸುವ ವೈಟ್ನರ್ ಮೇಜಿನ ಮೇಲಿತ್ತು. ಅದರಿಂದ ಮೆಮೊರಿಯ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಇಟ್ಟೆ. ಒಣಗಿದ ಮೇಲೆ ಕವರಿಗೆ ಹಾಕಿ ಬೆಳಿಗ್ಗೆ ಮಹದೇವಯ್ಯನವರಿಗೆ ಕೊಟ್ಟೆ.

ಅವರು ಬಿಲ್ಲು ಕೇಳಿದರು. ಎಲ್ಲೋ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಕೇಳಲಿಲ್ಲ. ಎರಡು ದಿನದಲ್ಲಿ ಕಂಪ್ಯೂಟರ್ ಜೋಡಿಸಿ ತಂದು, ಕನ್ನಡದ ಅಕ್ಷರ ಹಾಕಿ, ಟೈಪಿಂಗ್ ಹಾಳೆ ತೆಗೆದು ತೋರಿಸಿ ಹೋದರು. ಜಯಮ್ಮ ಆ ದಿನವೇ ಕೂತಳು. ಟೈಪ್‌ರೈಟರಿನ ಕೀಲಿ ಒತ್ತಿ ಅಭ್ಯಾಸವಾದ ಬೆರಳುಗಳಿಗೆ ಇದು ತೀರಾ ಮೆದು. ಒಂದು ಅಕ್ಷರ ಹೊಡೆದರೆ ಐದು ಬೀಳುತ್ತಿದ್ದವು. ಮೂರನೆಯ ದಿನದ ಹೊತ್ತಿಗೆ ಕೈ ಹಗುರಾಗಿ ಮುಖದಲ್ಲಿ ನಗು ಬಂದಿತ್ತು.

ನಾಲ್ಕನೆಯ ದಿನ ಅವಳು ಟೈಪ್ ಮಾಡುತ್ತಿದ್ದಂತೆ ಪರದೆ ನಿಂತುಹೋಯಿತು. ಆರಿಸಿ ಹಾಕಿದರೆ ಬರೀ ಪೀಂ ಪೀಂ ಶಬ್ದ. ಪರದೆ ಕಪ್ಪು. ಟೆಸ್ಟಿಗೆ ಹನ್ನೊಂದು ದಿನ ಉಳಿದಿತ್ತು. "ನನ್ ಕೈಯಿಂದ್ಲೇ ಏನಾರ ಆಯ್ತಾ ಮೇಡಂ?" ಎಂದು ಜಯಮ್ಮ ಹೆದರಿ ಎದ್ದು ನಿಂತಳು. ಕಂಪ್ಯೂಟರ್ ಸೆಂಟರಿನ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಶಬ್ದ ಕೇಳಿಸಿದೆ. ಮೆಮೊರಿ ಹೋಗಿರಬೇಕು, ಹೊಸದಾದರೆ ಇಷ್ಟು ಬೇಗ ಹೋಗುವುದಿಲ್ಲ ಎಂದರು.

ಅಷ್ಟು ಸಾಕಾಯಿತು. ಮೈದುನ ಹೇಳಿದ್ದು ನಿಜವಾಯಿತು ಎಂದುಕೊಂಡೆ. ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಮಹದೇವಯ್ಯನವರ ಅಂಗಡಿಗೆ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಇಬ್ಬರು ಗಿರಾಕಿಗಳಿದ್ದರು. ಎದುರಿನ ಟೀ ಅಂಗಡಿಯ ಸಾಕಮ್ಮ ಖಾಲಿ ಲೋಟ ತೆಗೆದುಕೊಳ್ಳಲು ಬಂದಿದ್ದಳು. ಪಕ್ಕದ ಟೈಲರ್ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು.

"ನಾನು ಕೊಟ್ಟ ಮೆಮೊರಿ ಎಲ್ಲಿ?" ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಇದ್ರೊಳಗೇ ಐತಲ್ಲ ಟೀಚರಮ್ಮ."

"ಒಳಗಿರುವುದು ಹಳೆಯದು. ನಾನು ತಂದದ್ದು ಹೊಸದು. ನನಗೇನೂ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ನಾನು ಅದಕ್ಕೆ ಗುರುತು ಹಾಕಿ ಕೊಟ್ಟಿದ್ದೀನಿ. ಬಿಚ್ಚಿ, ಎಲ್ಲರೂ ನೋಡಲಿ."

ವರ್ಷಗಟ್ಟಲೆ ಪಾಠ ಹೇಳಿದ ಗಂಟಲು. ರಸ್ತೆಯವರೆಗೂ ಕೇಳಿಸಿರಬೇಕು. ಮಹದೇವಯ್ಯ ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಕ್ರೂ ಬಿಚ್ಚಿದರು. ಮೆಮೊರಿಯನ್ನು ಹೊರತೆಗೆದು, ಅದನ್ನು ತಾವೇ ನೋಡದೆ, ಅಂಗೈ ಮೇಲಿಟ್ಟು ನನ್ನ ಮುಂದೆ ಹಿಡಿದರು.

ಮೂಲೆಯಲ್ಲಿ ಬಿಳಿ ಚುಕ್ಕೆ ಇತ್ತು.

"ತಂದ್ಕೊಟ್ಟ ದಿನಾನೇ ನೋಡಿದ್ದೆ ಟೀಚರಮ್ಮ," ಎಂದರು. ದನಿ ಎತ್ತರಿಸಲಿಲ್ಲ. "ಗುರುತು ಹಾಕ್ಕಂಡವ್ರೆ, ಒಳ್ಳೇದೇ ಆಯ್ತು ಅಂದ್ಕಂಡೆ."

ಸಾಕಮ್ಮ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದಳು. ಟೈಲರ್ ಕೂಡ ನಿಧಾನವಾಗಿ ತಮ್ಮ ಅಂಗಡಿಗೆ ಸರಿದರು. ಮಹದೇವಯ್ಯ ಆಗಲೇ ಕೆಲಸಕ್ಕೆ ಕೈ ಹಾಕಿದ್ದರು. ಆ ತುಂಡಿನ ಅಂಚಿನ ಹಳದಿ ಹಲ್ಲುಗಳಂಥ ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು, ಮತ್ತೆ ಹಾಕಿದರು. ಅದೇ ಶಬ್ದ. ಪಕ್ಕದ ಜಾಗಕ್ಕೆ ಬದಲಿಸಿದರು. ಅದೇ ಶಬ್ದ. ಕೊನೆಗೆ ತಮ್ಮ ಮೇಜಿನ ಮೇಲೆ ಓಡುತ್ತಿದ್ದ ಕಂಪ್ಯೂಟರನ್ನು ಆರಿಸಿ, ಅದರ ಮೆಮೊರಿ ಕಿತ್ತು ನನ್ನದಕ್ಕೆ ಹಾಕಿದರು. ಪರದೆ ಬೆಳಗಿತು.

"ಪೀಸೇ ಹೋಗೈತೆ. ಬಿಲ್ ಇದ್ರೆ ಬದ್ಲಾಯಿಸ್ಕೊಡೋರು."

ಆಗ ಎಲ್ಲ ಹೇಳಿದೆ. ಬಿಲ್ಲು ತಂದೇ ಇಲ್ಲ ಎಂದೆ. ಬಸ್ಸಿನ ಕಥೆ ಹೇಳುವಾಗ ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಬಸ್ ಎಷ್ಟರದು ಅಂತ ನಾನು ಚೀಟಿಲಿ ಬರೀಬೇಕಾಗಿತ್ತು. ನಂದೂ ತಪ್ಪೈತೆ" ಎಂದರು. ಆಮೇಲೆ, "ಆ ಹೆಣ್ಮಗಳ ಟೆಸ್ಟ್ ಯಾವತ್ತು?" ಎಂದು ಕೇಳಿದರು.

ಹೇಳಿದೆ.

"ಹಂಗಾದ್ರೆ ಇದು ಹಿಂಗೇ ಇರ್ಲಿ, ತಗಂಡ್ ಹೋಗಿ. ಹೊಸದು ನಾನು ತರಿಸ್ತೀನಿ, ಬಂದ್ಮೇಲೆ ಬದ್ಲಾಯಿಸ್ಕಳಣ. ಅಲ್ಲಿಗಂಟ ನನ್ ಮಿಷಿನ್ ಮಲಗಿರ್ಲಿ."

ಪೆಟ್ಟಿಗೆಯನ್ನು ತಾವೇ ಎತ್ತಿ ಆಟೋದಲ್ಲಿಟ್ಟರು. ಹೊರಡುವಾಗ ನಾನು "ಥ್ಯಾಂಕ್ಸ್" ಎಂದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ.

ಹೊಸ ಮೆಮೊರಿ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಅವರ ಮೇಜಿನ ಕಂಪ್ಯೂಟರ್ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಅವರು ಗಿರಾಕಿಗಳ ಹಾರ್ಡ್ ಡಿಸ್ಕುಗಳನ್ನು ಪರೀಕ್ಷಿಸುತ್ತಿದ್ದದ್ದೇ ಅದರಲ್ಲಿ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ.

ಜಯಮ್ಮ ಟೆಸ್ಟ್ ಪಾಸಾದಳು. ಆಫೀಸಿನಲ್ಲಲ್ಲ, ಮೊದಲು ಕಾರ್ಖಾನೆಯ ಸ್ಟೋರಿನಲ್ಲಿ ಬಂದ ಮಾಲು ಹೋದ ಮಾಲು ಬರೆಯುವ ಕೆಲಸ ಸಿಕ್ಕಿತು. ಒಂದು ವರ್ಷದ ನಂತರ ಆಫೀಸಿಗೆ ತೆಗೆದುಕೊಂಡರು. ಕೆಲಸ ಸಿಕ್ಕಿದ ಮಾರನೆಯ ದಿನ ಮೈಸೂರುಪಾಕು ಹಿಡಿದು ಬಂದವಳು ಮೊದಲ ಪೊಟ್ಟಣ ನನಗೆ ಕೊಟ್ಟು, ಎರಡನೆಯದನ್ನು ತೋರಿಸಿ, "ಇದು ಮೆಮೊರಿ ಕೊಟ್ಟೋರ್ಗೆ. ನೀವೂ ಬನ್ನಿ ಮೇಡಂ, ನಂಗೆ ಅವ್ರ ಪರಿಚಯ ಇಲ್ಲ" ಎಂದಳು.

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೋದಾಗ ಹೆಚ್ಚು ಕಡಿಮೆ ಅದೇ ಹೊತ್ತು. ಟೈಲರ್ ಮಿಷಿನ್ನಿನ ಮುಂದೆ ಕೂತಿದ್ದರು, ಸಾಕಮ್ಮ ಒಲೆಯ ಮುಂದಿದ್ದಳು. ಜಯಮ್ಮ ಸಿಹಿ ಕೊಟ್ಟು ಕೈ ಮುಗಿದಳು. ಮಹದೇವಯ್ಯ ಸಂಕೋಚದಿಂದ ತೆಗೆದುಕೊಂಡರು. ಆವತ್ತು ನಾನು ಕೂಗಾಡಿದ್ದು ನಾಲ್ಕು ಜನರ ಮುಂದೆ, ಥ್ಯಾಂಕ್ಸ್ ಹೇಳಿದ್ದು ಆಟೋ ಒಳಗಿನಿಂದ. ಆಗ ಅದು ಹೊಳೆಯಿತು. ಸಾಕಮ್ಮನನ್ನೂ ಟೈಲರನ್ನೂ ಒಂದು ನಿಮಿಷ ಬನ್ನಿ ಎಂದು ಕರೆದೆ.

"ಆವತ್ತು ಇಲ್ಲೇ ನಿಂತು ಇವರನ್ನ ನಾನು ಕಳ್ಳ ಅನ್ನೋ ಹಾಗೆ ಮಾತಾಡಿದೆ. ಇವರು ಏನೂ ಮಾಡಿರಲಿಲ್ಲ. ತಪ್ಪೆಲ್ಲ ನನ್ನದೇ. ನೀವಿಬ್ಬರೂ ಕೇಳಿಸಿಕೊಂಡಿದ್ದಿರಿ, ಅದಕ್ಕೇ ನಿಮ್ಮ ಮುಂದೆ ಹೇಳ್ತಿದ್ದೀನಿ" ಎಂದೆ.

"ಏ ಬುಡಿ ಟೀಚರಮ್ಮ, ಅದ್ಯಾಕೀಗ," ಎಂದು ಮಹದೇವಯ್ಯ ಕೈಯಾಡಿಸಿದರು. ಸಾಕಮ್ಮ, "ನಂಗಾವತ್ತೇ ಗೊತ್ತಿತ್ತು ಕಣಮ್ಮ" ಎಂದು ಟೀ ತರಲು ಹೋದಳು. ಮಹದೇವಯ್ಯ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೂತರು. ಆಮೇಲೆ ತಲೆ ಎತ್ತದೆ ಹೇಳಿದರು.

"ಆವತ್ತು ಮನೆಗೋಗಿ ನಾನು ಊಟ ಮಾಡ್ನಿಲ್ಲ."

ಆ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಲ್ಲಿಯವರೆಗೆ ನಾನು ನನ್ನ ನಾಚಿಕೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ಅವರು ಎದುರುತ್ತರ ಕೊಡಲಿಲ್ಲ, ಸಹಾಯವನ್ನೂ ಮಾಡಿದರು, ಹಾಗಾಗಿ ಅವರಿಗೆ ಅಷ್ಟಾಗಿ ನೋವಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಹಸಿದುಕೊಂಡು ಮಲಗಿದ ದಿನವೇ ಅವರ ಮೆಮೊರಿ ನನ್ನ ಕೋಣೆಯಲ್ಲಿ ಕೆಲಸ ಮಾಡುತ್ತಿತ್ತು. ಸುಮ್ಮನಿದ್ದವರಿಗೆ ನೋವಾಗಿಲ್ಲ ಎಂದುಕೊಳ್ಳುವುದು ನಮಗೆ ಎಷ್ಟು ಅನುಕೂಲ ಎಂದು ಆ ದಿನ ತಿಳಿಯಿತು. ಆಮೇಲೆ ಅವರ ಹತ್ತಿರ ಹದಿನಾರು ಕಂಪ್ಯೂಟರ್ ಮಾಡಿಸಿದ್ದೇನೆ. ಪ್ರತಿ ಸಲವೂ ಮೆಮೊರಿ ಯಾವುದು ಹಾಕಲಿ ಎಂದು ಅವರು ಕೇಳುತ್ತಾರೆ. ನಿಮಗೆ ಸರಿ ಅನಿಸಿದ್ದು ಹಾಕಿ ಎನ್ನುತ್ತೇನೆ.