ಎಡಗೈಯ ಹುರಿ

ಯುದ್ಧ ಶುರುವಾದ ವರ್ಷ, ದೀಪಾವಳಿ ಕಳೆದ ಮೇಲೆ, ನಾನು ಅಮಿನಿ ದ್ವೀಪದ ಕಡಲತೀರದಲ್ಲಿ, ದೋಣಿಗಳನ್ನು ಮೇಲೆಳೆದಿಡುವ ಜಾಗದಲ್ಲಿ ನಿಂತಿದ್ದೆ. ದ್ವೀಪದವರಿಗೆ ಸಿಡುಬಿನ ದಾಕು ಹಾಕಲು ಮಂಗಳೂರಿನ ಬಂದರಿನಿಂದ ಅಕ್ಕಿಯ ದೋಣಿಯಲ್ಲಿ ಆಗಷ್ಟೇ ಬಂದಿಳಿದಿದ್ದೆ. ನಡುದಾರಿಯಲ್ಲಿ ಬಿರುಗಾಳಿ ಸಿಕ್ಕಿತ್ತು. ನಮಗಿಂತ ಮೊದಲು ಹೊರಟಿದ್ದ ದ್ವೀಪದ ದೋಣಿಯೊಂದು ಇನ್ನೂ ತಲುಪಿರಲಿಲ್ಲ.

ಮರಳಿನಲ್ಲಿ ಕೂತು ತೆಂಗಿನ ನಾರು ಹೊಸೆಯುತ್ತಿದ್ದ ಹೆಂಗಸೊಬ್ಬಳು ನಮ್ಮ ದೋಣಿ ನಡೆಸುವ ತಂಡೇಲನನ್ನು ಕೇಳಿದಳು, "ನನ್ನ ಮಗ ಎಲ್ಲಿ?"

"ನಮ್ಮನ್ನು ಸೋಲಿಸ್ತೇನೆ ಅಂತ ಜಂಬ ಕೊಚ್ಚಿ ಹೊರಟವ, ಉಮ್ಮಾ. ಗಾಳಿಗೆ ಕಣ್ಣೂರಿಗೆ ಹೋಗಿ ಬಿದ್ದಿರ್ತಾನೆ. ಬರಲಿ, ನಾಲ್ಕು ಬಾರಿಸಿ!"

ಅವಳೂ ನಕ್ಕಳು.

ಮಧ್ಯಾಹ್ನ ಅಲೆಯೊಂದು ಒಡೆದ ಹಲಗೆಯನ್ನು ತಂದು ಹಾಕಿತು. ಅಲ್ಲಿಯ ದೋಣಿಗಳಿಗೆ ಮೊಳೆ ಹೊಡೆಯುವುದಿಲ್ಲ. ಮನೆಯ ಹೆಂಗಸರು ಹೊಸೆದ ಹುರಿಯಿಂದ ಹಲಗೆಗಳನ್ನು ಹೊಲಿಯುತ್ತಾರೆ. ಆ ತಾಯಿ ಎಡಗೈಯವಳು, ಅವಳ ಹುರಿಯ ತಿರುಪು ಉಳಿದವರದಕ್ಕೆ ವಿರುದ್ಧ. ಹಲಗೆಯ ತೂತಿನಲ್ಲಿ ಉಳಿದಿದ್ದ ಹುರಿಯ ತುಂಡನ್ನು ಬೆರಳಿನಿಂದ ಸವರಿ, "ಇದು ನಾನು ಹೊಸೆದದ್ದು," ಎಂದಳು. ತಂಡೇಲ ಅವಳ ಪಕ್ಕ ಮರಳಿನಲ್ಲಿ ಕುಸಿದು ಕೂತ.

ಅದನ್ನು ಕಂಡವರಲ್ಲಿ ತಂಡೇಲ ಇನ್ನೂ ಇದ್ದಾನೆ, ಮನೆ ಮಂಗಳೂರಿನ ಬಂದರಿನಲ್ಲೇ. ಆ ತಾಯಿಯೂ ಇದ್ದಾಳೆಂದು ಈ ಸಲ ಅಕ್ಕಿಗೆ ಬಂದ ದ್ವೀಪದವರು ಹೇಳಿದರು.