ಬಿಳಿ ಮೊಲದ ನಳಿಕೆ

ಕಳೆದ ಮಂಗಳವಾರ ಹನ್ನೊಂದೂವರೆಗೆ ನಾನು ಗೋಕಾಕದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ, ಪರದೆಯ ಎಡಕ್ಕೆ, ನನ್ನ ಗೈಡ್ ಸರ್ ಪಕ್ಕದಲ್ಲೇ ನಿಂತಿದ್ದೆ. ಪರದೆ ಪೂರ್ತಿ ಕಾಣುತ್ತಿತ್ತು.

ಅಂದು ಬೆಳಿಗ್ಗೆ ಹುಕ್ಕೇರಿಯಲ್ಲಿ ಮೊಲ ಸಾಕುವ ಶಾಂತಕ್ಕನನ್ನೂ ಕರೆದುಕೊಂಡು, ಗೋಕಾಕ, ಮೂಡಲಗಿಯ ವಿದ್ಯಾರ್ಥಿಗಳಿಗೆ ನಮ್ಮ ಪ್ರಯೋಗ ಮಾಡಿ ತೋರಿಸಲು ಬಸ್ ಹತ್ತಿದ್ದೆವು. ನಮ್ಮ ಸಂಶೋಧನೆಗೆ ಎರಡು ಮೊಲ ಕೊಟ್ಟವರು ಅವರು. ಪಾಲಕ್ ಎಲೆಯಲ್ಲಿ ಆಮ್ಲಜನಕ ಹುಟ್ಟಿಸಲು ನೆರವಾಗುವ ಒಂದು ಪ್ರೋಟೀನನ್ನು ಕರಿ ಮೊಲಕ್ಕೆ ಚುಚ್ಚಿದ್ದೆವು. ಅದರ ರಕ್ತದಲ್ಲಿ ಆ ಪ್ರೋಟೀನಿಗೇ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟಿದವು. ಕೊನೆಗೆ ರಕ್ತವೆಲ್ಲ ತೆಗೆದೆವು, ಮೊಲ ಸತ್ತಿತು. ಬಿಳಿ ಮೊಲಕ್ಕೆ ಏನೂ ಚುಚ್ಚಲಿಲ್ಲ. ಹೋಲಿಕೆಗೆಂದು ಸ್ವಲ್ಪ ರಕ್ತ ತೆಗೆದು ಶಾಂತಕ್ಕನಿಗೆ ಮರಳಿಸಿದ್ದೆವು. ಪ್ರತಿಕಾಯ ಬೆರೆಸಿದರೆ ಆಮ್ಲಜನಕ ನಿಲ್ಲುತ್ತದೆ, ಏನೂ ಚುಚ್ಚದ ಮೊಲದ ಸೀರಮ್, ಅಂದರೆ ರಕ್ತದ ತಿಳಿ, ಬೆರೆಸಿದರೆ ನಿಲ್ಲುವುದಿಲ್ಲ. ನನ್ನ ಪಿಎಚ್.ಡಿ. ಇದರ ಮೇಲೇ ನಿಂತಿದೆ.

ಬಿಸಿಲು ಜೋರಿತ್ತು. ಸೀರಮ್ ಇಟ್ಟು ತೊಡೆಯ ಮೇಲೆ ಹಿಡಿದಿದ್ದ ಥರ್ಮಾಕೋಲ್ ಡಬ್ಬಿಯ ಮಂಜುಗಡ್ಡೆ ಕರಗಿ ನನ್ನ ಪ್ಯಾಂಟು ತೊಯ್ದಿತು. “ಏನ್ ತಮ್ಮಾ, ಇಷ್ಟ ದೊಡ್ಡಾಂವಾಗಿ ಬಸ್ಸಿನ್ಯಾಗ?” ಎಂದು ಶಾಂತಕ್ಕ ನಕ್ಕರು.

ಕಾಲೇಜಿನಲ್ಲಿ ಅರೆದ ಪಾಲಕ್ ರಸಕ್ಕೆ ಬೆಳಕು ಬಿಟ್ಟೆವು. ಮೊದಲ ನಳಿಕೆಯಲ್ಲಿ ಬರಿ ರಸ. ಪರದೆಯ ಮೇಲೆ ಆಮ್ಲಜನಕದ ಗೆರೆ ಏರಿತು. ಕರಿ ಮೊಲದ ಸೀರಮ್ ಬೆರೆಸಿದ ಎರಡನೆಯದರಲ್ಲಿ ಗೆರೆ ಮಲಗಿತು. ಚಪ್ಪಾಳೆ ಬಿತ್ತು. ಬಿಳಿ ಮೊಲದ್ದು ಬೆರೆಸಿದ ಮೂರನೆಯದರಲ್ಲಿ ಏರಬೇಕಿತ್ತು. ಏರಲಿಲ್ಲ.

ಸರ್ ಪ್ರೊಜೆಕ್ಟರ್ ಆರಿಸಿದರು. “ಕರೆಂಟಿಂದು ಏನೋ ತ್ರಾಸ್ ಐತಿ. ಇದು ಏರತೈತಿ ಅಂತ ತಿಳ್ಕೋರಿ.”

ಮುಂದಿನ ಬೆಂಚಿನಿಂದ ಶಾಂತಕ್ಕ ಕೂಗಿದರು: “ಸುಮ್ನ ಕುಂತಿದ್ದ ನಮ್ಮ ಬಿಳೀದೂ ನಿಲ್ಲಿಸಿತಲ್ರೀ!”

ವಿದ್ಯಾರ್ಥಿಗಳು ನಕ್ಕರು. ಸರ್ ನಕ್ಕರು. ಶಾಂತಕ್ಕನೂ ಹೆಮ್ಮೆಯಿಂದ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಶಾಂತಕ್ಕ ಊರಿಗೆ ಹೊರಟರು, ನಾವು ಮೂಡಲಗಿಯ ಬಸ್ ಹಿಡಿದೆವು. “ಸರ್, ಬಿಳೀದರ ಸೀರಮ್ ಬಿಸಿಲಿಗೆ ಕೆಟ್ಟಿರಬೇಕು. ಇಲ್ಲಾ, ನಾವು ಹೇಳೂದ ತಪ್ಪಿರಬೇಕು. ಮತ್ತೊಮ್ಮೆ ಮಾಡಿ ನೋಡೂಣ್ರಿ,” ಎಂದೆ.

“ಥೀಸಿಸ್ ಬರೂ ತಿಂಗಳ ಕೊಡೂದೈತಿ. ತಲಿ ಕೆಡಿಸ್ಕೋಬ್ಯಾಡ. ಮೂಡಲಗ್ಯಾಗ ಎರಡ ನಳಿಕಿ ಸಾಕು.”

ಮರುದಿನ ಅಲ್ಲಿಯ ಕಾಲೇಜಿನಲ್ಲಿ ಎರಡೇ ನಳಿಕೆಗಳನ್ನು ಜೋಡಿಸಿದವನು ನಾನು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅವರು ಕೊಟ್ಟ ಚುರುಮುರಿ ತಿಂದು ಡಬ್ಬಿ ಕಟ್ಟಿದೆ.

ಮರಳುವ ಬಸ್ಸು ಹುಕ್ಕೇರಿಯಲ್ಲಿ ಬಹಳ ಹೊತ್ತು ನಿಂತಿತ್ತು. ಶಾಂತಕ್ಕನ ಮನೆ ನಿಲ್ದಾಣದ ಹಿಂದೆಯೇ. ನಾನು ಇಳಿಯಲಿಲ್ಲ.

ಗೋಕಾಕದಲ್ಲಿ ಆ ಮಲಗಿದ ಗೆರೆಯನ್ನು ಗಮನಿಸಿದವರು ಸರ್, ನಾನು, ಶಾಂತಕ್ಕ. ಮೂವರೂ ಇದ್ದೇವೆ. ಹುಕ್ಕೇರಿಯ ಗೂಡಿನಲ್ಲಿ ಬಿಳಿ ಮೊಲವೂ ಇದೆ. ಅದರ ಕಿವಿಯಿಂದ ಇನ್ನೂ ಒಮ್ಮೆ ರಕ್ತ ತೆಗೆದು ನೋಡಬಹುದು.