ಇಬ್ಬರನ್ನೂ ದಡ ಮುಟ್ಟಿಸಿದವನು

ಕಳೆದ ಭಾನುವಾರ ದಹಿಸರ್ ಖಾಡಿಯ ಹಿನ್ನೀರಿನ ಕಡೆ ತಿರುಗಾಡಲು ಹೋಗಿದ್ದೆವು. ದಂಡೆಯ ಮೇಲೆ ಮೀನುಗಾರ ದಂಪತಿ ದೋಣಿಯೊಂದನ್ನು ಬೋರಲು ಹಾಕಿ ಅದರ ಹೊಟ್ಟೆಗೆ ಮೀನೆಣ್ಣೆ ಬಳಿಯುತ್ತಿದ್ದರು. ಗಾಳಿ ನಮ್ಮ ಕಡೆ ತಿರುಗಿತು, ಆ ಕಮಟು ವಾಸನೆ ಮೂಗಿಗೆ ಬಡಿಯಿತು. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಡೀರಿ, ಇಲ್ಲೇನ್ ನೋಡ್ಕೋತ ನಿಂತೀರಿ?" ಎಂದಳು. ನನಗೆ ಕಾಲು ಏಳಲಿಲ್ಲ. ಮಾಟುಂಗದ ಕೋಣೆಯಲ್ಲಿ ಐದು ವರ್ಷ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳೆಯ ನೆನಪಾಗಿದ್ದ...

ಐವತ್ತರ ದಶಕದ ಮೊದಲ ವರ್ಷಗಳವು. ನಾನು ಧಾರವಾಡದಿಂದ ಬಂದು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅವನು ವಿಜಾಪುರದ ಕಡೆಯವನು, ಬಟ್ಟೆ ವ್ಯಾಪಾರದ ಪೇಢಿಯಲ್ಲಿ ಟೈಪಿಸ್ಟ್. ಉಡುಪಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಬೆಳಿಗ್ಗೆ ಒಂದೇ ಲೋಕಲ್ ಹಿಡಿಯುತ್ತಿದ್ದೆವು, ಸಂಜೆ ಯಾರು ಮೊದಲು ಬಂದರೂ ಇನ್ನೊಬ್ಬನಿಗಾಗಿ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದೆವು. ಅವನು ಆರಡಿ ಎತ್ತರದ ಆಳು. ನಕ್ಕರೆ ಕೆಳಗಿನ ಹೋಟೆಲಿನವರಿಗೂ ಕೇಳಿಸಬೇಕು.

ಭಾನುವಾರ ಬೆಳಿಗ್ಗೆ ಮಾತ್ರ ಅವನು ಮಾತಾಡುತ್ತಿರಲಿಲ್ಲ. ಕಿಟಕಿಯ ಹತ್ತಿರ ಟ್ರಂಕಿನ ಮೇಲೆ ಹಾಳೆ ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದ. ಇಬ್ಬರು ಗೆಳೆಯರು ಮುಂಬಯಿಯಿಂದ ಸಣ್ಣ ಹಾಯಿ ಹಡಗಿನಲ್ಲಿ ಆಫ್ರಿಕಾಕ್ಕೆ ಹೋಗುವ ಕಥೆ. ಒಬ್ಬ ಧೈರ್ಯಶಾಲಿ, ಎತ್ತರದವನು. ಇನ್ನೊಬ್ಬ ಪುಕ್ಕಲ. ಎದ್ದ ಕೂಡಲೇ ಹಾಸಿಗೆಯನ್ನು ನಾಲ್ಕು ಮಡಿಕೆ ಮಾಡುವವನು, ಚಹಾವನ್ನು ಬಸಿಗೆ ಸುರಿದು ಊದಿ ಕುಡಿಯುವವನು. ಆ ಎರಡನೆಯವನು ಯಾರೆಂದು ನನಗೆ ಮೊದಲ ಪುಟದಲ್ಲೇ ಗೊತ್ತಾಯಿತು. ಸಿಟ್ಟು ಬರಲಿಲ್ಲ. ಒಳಗೊಳಗೇ ಖುಷಿಯೇ ಆಯಿತೆನ್ನಬೇಕು.

ಆರು ಅಧ್ಯಾಯ ಓದಿ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿದ. ನಾನು ಸುಮ್ಮನಿರಬಹುದಿತ್ತು.

"ಕಥಿ ಛಲೋ ಅದ. ಆದ್ರ ನಿನ್ನ ಸಮುದ್ರ ಭಾವಿ ನೀರಿನ್ಹಂಗ ಸುಮ್ಮನ ನಿಂತದ ನೋಡು," ಎಂದೆ.

ಅವನು ಹಾಳೆಗಳನ್ನು ಟ್ರಂಕಿನೊಳಗೆ ಹಾಕಿ ಮುಚ್ಚಿಟ್ಟ. ಮೂರನೆಯ ದಿನ ಸಂಜೆ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಮ್ಯಾನೇಜರರ ಮುಂದೆ ಅವನ ದೊಡ್ಡ ದನಿ ಕೇಳಿಸಿತು. ಮ್ಯಾನೇಜರರು ಕುಂದಾಪುರದ ಕಡೆಯವರು. ಅವರ ಊರಿನಿಂದ ಹೆಂಚು ಹೇರಿಕೊಂಡು ಮುಂಬಯಿಗೆ ಬರುವ ಹಾಯಿ ಹಡಗುಗಳಿದ್ದವು. ಅವಕ್ಕೆ ಮಂಜಿ ಎನ್ನುತ್ತಿದ್ದರು. ಮುಂದಿನ ವಾರ ಒಂದು ಮಂಜಿ ಸರಕು ಇಳಿಸಿ ಊರಿಗೆ ಮರಳಲಿತ್ತು. ಅದರ ತಾಂಡೇಲ, ಎಂದರೆ ಹಡಗು ನಡೆಸುವ ಹಿರಿಯ, ಅವರಿಗೆ ಗುರುತಿನವನು.

"ನಾಕು ದಿವಸ ರಜಾ ಹಾಕು," ಎಂದು ಗೆಳೆಯ ಮೇಲೆ ಬಂದವನೇ ಹೇಳಿದ. "ನೀನೂ ಬರ್ತಿ. ನೀ ಇಲ್ಲಂದ್ರ ನಾ ಯಾರ್ನ ನೋಡಿ ಬರೀಲಿ?"

ಬೇಡವೆಂದು ಹೇಳಲು ನನಗೆ ಹತ್ತು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ.

ರೇ ರೋಡ್ ಹತ್ತಿರದ ಬಂದರಿನಲ್ಲಿ ಹಡಗು ಹತ್ತಿದೆವು. ಹೊಸದಾಗಿ ಬಳಿದ ಮೀನೆಣ್ಣೆಯ ವಾಸನೆಗೆ ಗೆಳೆಯನ ಮುಖ ದಂಡೆಯಲ್ಲೇ ಬಿಳಿಚಿಕೊಂಡಿತು. ಹಡಗು ಹೊರಸಮುದ್ರಕ್ಕೆ ಬಂದ ಮೇಲಂತೂ ಆಫ್ರಿಕಾಕ್ಕೆ ಹೊರಟಿದ್ದ ವೀರ ಹಗ್ಗದ ಸುರುಳಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ನೀರು ಕುಡಿದರೂ ವಾಂತಿ. ಪುಕ್ಕಲನಾದ ನನಗೆ ಏನೂ ಆಗಲಿಲ್ಲ! ಖಲಾಸಿಗಳ ಪಕ್ಕದಲ್ಲಿ ಕೂತು ಉಪ್ಪಿನಕಾಯಿ ನೆಂಚಿಕೊಂಡು ಎರಡು ತಟ್ಟೆ ಗಂಜಿ ಉಂಡೆ. ಅವನು ಅರೆಗಣ್ಣಿನಲ್ಲಿ ನೋಡಿ, "ಮಗನ, ನನ್ನ ಕಾದಂಬರಿ ಹಾಳು ಮಾಡಿದಿ," ಎಂದು ಮತ್ತೆ ಕಣ್ಣು ಮುಚ್ಚಿದ.

ಮೂರನೆಯ ದಿನ ಮಧ್ಯಾಹ್ನ, ರತ್ನಾಗಿರಿ ದಾಟಿದ ಮೇಲೆ, ಗಾಳಿ ಒಮ್ಮೆಲೇ ಎದ್ದಿತು. ಹಾಯಿಯ ಒಂದು ಅಂಚು ಹರಿದು ಪಟಪಟ ಹೊಡೆದುಕೊಳ್ಳತೊಡಗಿತು. ಅಲೆಗಳು ಒಳಗೆ ನುಗ್ಗಿದವು. "ಹೆದ್ರಬೇಡಿ ಮಾರಾಯ್ರೆ, ನೀರು ಹೊರ್ಗೆ ಹಾಕಿ!" ಎಂದು ತಾಂಡೇಲ ಕೂಗಿದ. ನಾನು ಡಬ್ಬಿಯಿಂದ ನೀರು ತುಂಬಿ ತುಂಬಿ ಚೆಲ್ಲುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಡಬ್ಬಿಯ ಸದ್ದು ಕೇಳಿ ತಿರುಗಿದರೆ ಅವನು. ಮೂರು ದಿನ ಅನ್ನ ಕಾಣದವನು ಮೊಣಕಾಲೂರಿ ಕೂತು ನೀರು ಎತ್ತಿ ಹಾಕುತ್ತಿದ್ದ.

ಹಡಗು ಒಂದು ಪಕ್ಕಕ್ಕೆ ವಾಲಿತು. ನನ್ನ ಕಾಲು ಜಾರಿತು. ಸೊಂಟದವರೆಗೆ ಹಡಗಿನ ಹೊರಗೆ ಹೋಗಿದ್ದೆ... ಅಂಗಿಯ ಕೊರಳಪಟ್ಟಿ ಗಂಟಲಿಗೆ ಬಿಗಿದದ್ದೊಂದು ನೆನಪಿದೆ. ಅವನು ಎಡಗೈಯಿಂದ ನನ್ನ ಅಂಗಿ ಹಿಡಿದಿದ್ದ, ಬಲಗೈಯಿಂದ ಹಾಯಿಯ ಹಗ್ಗ ಹಿಡಿದಿದ್ದ. ಖಲಾಸಿಗಳು ಓಡಿ ಬಂದು ನನ್ನನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಹಗ್ಗ ಬಿಗಿದು ಅವನ ಹೆಬ್ಬೆರಳು ಹಡಗಿನ ಅಂಚಿನ ಮರಕ್ಕೆ ಸಿಕ್ಕು ಜಜ್ಜಿಹೋಗಿತ್ತು.

ಮಾಲವಣದಲ್ಲಿ ನಮ್ಮನ್ನು ಇಳಿಸಿದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬೆಳಗಾವಿಗೆ ಬಸ್ಸು ಹಿಡಿದೆವು, ಅಲ್ಲಿಂದ ರೈಲಿನಲ್ಲಿ ಮುಂಬಯಿಗೆ. ದಾರಿಯುದ್ದಕ್ಕೂ ಅವನು ಒಬ್ಬನೇ ನಗುತ್ತಿದ್ದ. "ಈಗ ಐತಿ ನೋಡು ಸಮುದ್ರ," ಎನ್ನುತ್ತಿದ್ದ.

ಹೆಬ್ಬೆರಳು ಕೊನೆಗೂ ನೆಟ್ಟಗಾಗಲಿಲ್ಲ. ಟೈಪಿನ ವೇಗ ತಗ್ಗಿತೆಂದು ಪೇಢಿಯವರು ಅವನನ್ನು ಗೋದಾಮಿನ ಕೆಲಸಕ್ಕೆ ಹಾಕಿದರು. ಅವನು ಕಾದಂಬರಿಯನ್ನು ಮೊದಲಿನಿಂದ ಬರೆದ. ಪೆನ್ನನ್ನು ತೋರುಬೆರಳಿಗೂ ನಡುಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಅಕ್ಷರಗಳನ್ನು ಮಗುವಿನ ಹಾಗೆ ದಪ್ಪದಪ್ಪ ತಿದ್ದುತ್ತಾ. ಈ ಸಲ ಧೈರ್ಯಶಾಲಿ ವಾಂತಿ ಮಾಡಿಕೊಂಡ, ಪುಕ್ಕಲ ಗಂಜಿ ಉಂಡ. ಭಾನುವಾರ ಮಧ್ಯಾಹ್ನ ಹೋಟೆಲಿನ ಅಡಿಗೆಯವರು, ಮಾಣಿಗಳು ಎಲ್ಲ ನಮ್ಮ ಕೋಣೆಗೆ ಬಂದು ಕೇಳುತ್ತಿದ್ದರು. "ಗಾಳಿ ಆ ದಿಕ್ಕಿಂದ ಬಪ್ಪುದಲ್ಲ" ಎಂದು ಕುಂದಾಪುರದ ಅಡಿಗೆಯವನು ತಿದ್ದಿದರೆ ಅಲ್ಲೇ ಗೀಟು ಹೊಡೆದು ಬರೆದುಕೊಳ್ಳುತ್ತಿದ್ದ.

ಊರ ಕಡೆಯ ಪ್ರಕಾಶಕರೊಬ್ಬರಿಗೆ ಕಳಿಸಿದ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಬರಹ ಹಿಡಿಸಿದೆ, ಅಚ್ಚು ಹಾಕಲು ತಯಾರಿದ್ದೇವೆ, ಆದರೆ ಕೊನೆ ಸಪ್ಪೆಯಾಗಿದೆ. ಬಿರುಗಾಳಿಯಲ್ಲಿ ಆ ಪುಕ್ಕಲ ಗೆಳೆಯ ಮುಳುಗಿ ಸತ್ತರೆ ಓದುಗರ ಕಣ್ಣಲ್ಲಿ ನೀರು ಬರುತ್ತದೆ. ಅಷ್ಟು ಬದಲಾಯಿಸಿ ಕಳಿಸಿರಿ.

ನಾನು ಕುಣಿದಾಡಿದೆ. ಅವನು ಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡ.

"ಆಗೂದಿಲ್ಲ," ಎಂದ.

"ಹುಚ್ಚಿದ್ದೀಯೇನು? ಒಂದು ಅಧ್ಯಾಯದ ಮಾತು. ಮುಳುಗಸು ನನ್ನ. ನಾ ಏನ್ ಖರೇನ ಸಾಯ್ತೀನೇನು?"

ಒಂದು ವಾರ ಇದೇ ಜಗಳ. ಕೊನೆಗೆ ನಾನು ಬಿರುಸಾಗಿ, ಇಷ್ಟು ಹಟವಿದ್ದವನು ಯಾತಕ್ಕಾದರೂ ಬರೆದೆ ಎಂದುಬಿಟ್ಟೆ. ಅವನ ದೊಡ್ಡ ದನಿ ಅವತ್ತು ಸಣ್ಣದಾಗಿತ್ತು.

"ನಿನಗೊಂದು ಮಾತು ಹೇಳಿಲ್ಲ. ಅವತ್ತು ಹಗ್ಗ ಬಿಗದಾಗ ಕೈ ಬಿಟ್ಟಬಿಡಬೇಕು ಅನ್ನಿಸಿತ್ತು. ಬೆರಳು ಅಷ್ಟು ನೋಯತಿತ್ತು. ಹಗ್ಗ ಬಿಟ್ಟರ ಇಬ್ಬರೂ ನೀರಾಗ, ಅಂಗಿ ಬಿಟ್ಟರ ನೀ ಒಬ್ಬನ. ಅಷ್ಟೂ ಲೆಕ್ಕ ಆ ಒಂದು ಗಳಿಗ್ಯಾಗ ಮಾಡೀನಿ ನಾ. ಆದ್ರೂ ಬಿಡಲಿಲ್ಲ. ಈಗ ಹಾಳಿ ಮ್ಯಾಲ ಬಿಡು ಅಂತಿಯಲ್ಲ..."

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಪ್ರಕಾಶಕರಿಗೆ ಅವನು ಉತ್ತರ ಬರೆಯಲೂ ಇಲ್ಲ.

ನನಗೆ ಮದುವೆಯಾಗಿ ವಿಲೆ ಪಾರ್ಲೆಯ ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು. ದಶಕ ಮುಗಿಯುವ ಮೊದಲು ಪೇಢಿಯವರು ಅವನನ್ನು ಕಲಕತ್ತೆಗೆ ಕಳಿಸಿದರು. ಹೊರಡುವ ಹಿಂದಿನ ದಿನ ಪಾರ್ಲೆಗೆ ಬಂದ. ಪಂಚೆಯಲ್ಲಿ ಸುತ್ತಿದ ಕಾದಂಬರಿಯ ಕಟ್ಟನ್ನು ಮಂಚದ ಮೇಲಿಟ್ಟು, "ನಿನ್ನ ಹತ್ರ ಇರಲಿ ಇದು," ಎಂದ. ಕೋಣೆ ಸೋರುತ್ತದೆ, ಇಡಲು ಜಾಗವಿಲ್ಲ, ನಿನ್ನ ಬಳಿಯೇ ಭದ್ರ ಎಂದೆ. ಸುಳ್ಳೇನೂ ಅಲ್ಲ. ಆದರೂ ಒಂದು ಕಟ್ಟಿಗೆ ಎಷ್ಟು ಜಾಗ ಬೇಕಿತ್ತು?

ಮೂರು ವರ್ಷದ ಮೇಲೆ ಅಲ್ಲಿಂದ ಒಂದು ಕಾರ್ಡು ಬಂತು. ಮಳೆಗಾಲದಲ್ಲಿ ಅವನ ನೆಲಮಹಡಿಯ ಮನೆಗೆ ನೀರು ನುಗ್ಗಿತ್ತಂತೆ. "ನಮ್ಮ ಇಬ್ಬರೂ ಹೀರೋಗಳು ಮುಳುಗಿದರು ದೋಸ್ತ. ಪ್ರಕಾಶಕರಿಗೆ ತಿಳಿಸು, ಸಂತೋಷ ಪಡತಾರ," ಎಂದು ಆ ದಪ್ಪ ಅಕ್ಷರಗಳಲ್ಲಿ ಬರೆದಿದ್ದ. ನಾನು ನಕ್ಕೆ, ಆಮೇಲೆ ಆ ಕಾರ್ಡನ್ನು ಮತ್ತೆ ಮತ್ತೆ ಓದಿದೆ. ಮತ್ತೆ ಬರಿ ಎಂದು ಕಾಗದ ಹಾಕಿದೆ. ಬರೆಯುತ್ತೇನೆ ಎಂದ. ಮಕ್ಕಳು, ನೌಕರಿ... ಕಾಗದಗಳು ಕಡಿಮೆಯಾದವು. ಒಂದು ದಿನ ಅವನ ಹೆಂಡತಿಯಿಂದ ನಾಲ್ಕು ಸಾಲು ಬಂದವು. ಅವನು ಹೋಗಿ ಆಗಲೇ ಎರಡು ತಿಂಗಳಾಗಿತ್ತು.

ಈ ವಾರ ಒಂದು ನೋಟುಬುಕ್ ತಂದು ಕಾದಂಬರಿಯನ್ನು ನೆನಪಿನಿಂದ ಬರೆಯಲು ಕೂತಿದ್ದೇನೆ. ಬಿರುಗಾಳಿಯವರೆಗೆ ಬಹಳಷ್ಟು ಬಂತು. ಆಮೇಲೆ ಆ ಇಬ್ಬರೂ ಆಫ್ರಿಕಾದ ದಂಡೆಗೆ ಇಳಿಯುತ್ತಾರೆ, ಹಸಿವಿನಿಂದ ಕಂಗಾಲಾಗಿರುತ್ತಾರೆ, ಅಲ್ಲಿ ಒಬ್ಬ ಮುದುಕಿ ಅವರನ್ನು ಕರೆದು ಏನನ್ನೋ ತಿನ್ನಲು ಕೊಡುತ್ತಾಳೆ. ಅದನ್ನು ತಿಂದು ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಆ ಪುಟ ಓದಿದಾಗ ನಮ್ಮ ಕೋಣೆಯೆಲ್ಲ ನಕ್ಕಿತ್ತು, ಅದು ಚೆನ್ನಾಗಿ ನೆನಪಿದೆ. ಆಕೆ ಕೊಟ್ಟದ್ದೇನು, ಅಷ್ಟು ನಗು ಯಾಕೆ ಬಂತು, ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಕೇಳೋಣವೆಂದರೆ ಅದು ಗೊತ್ತಿದ್ದವನು ಅವನೊಬ್ಬನೇ.